ಪರಿಹಾರಕ್ಕೂ ಮೊದಲೇ ಬನ್ನಿ

ಹುಣಸೂರಿನ ಉಪವಿಭಾಗಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಿಮ್ಮ ಆಡಳಿತದ ಸೀಮೆ. ಇಲ್ಲಿ ರೈತನೊಬ್ಬ ತನ್ನ ಪ್ರಾಣ ತಾನೇ ಕಳೆದುಕೊಂಡರೆ ಪರಿಹಾರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಗೆ ನೀವೇ ಅಧ್ಯಕ್ಷರು. ಪಹಣಿ ಯಾರ ಹೆಸರಲ್ಲಿದೆ, ಸಾಲ ಬ್ಯಾಂಕಿನದೋ ಕೈಸಾಲವೋ, ಎಲ್ಲ ನೋಡಿ 5 ಲಕ್ಷ ರೂಪಾಯಿಗೆ ಸಹಿ ಹಾಕುತ್ತೀರಿ. ಗ್ರಾಮ ಆಡಳಿತಾಧಿಕಾರಿ, ಕೃಷಿ ಇಲಾಖೆಯವರು, ಪೊಲೀಸರು ಆ ಮನೆಯ ಜಗಲಿ ಹತ್ತುತ್ತಾರೆ. ಇದೇ ಸರ್ಕಾರ ಆ ಜಗಲಿಗೆ ಮೊದಲೇ ಬರಲಿ ಎಂಬುದು ನನ್ನ ಕೋರಿಕೆ.

ನಮ್ಮದು ಹೊಗೆಸೊಪ್ಪಿನ ನಾಡು. ಸೊಪ್ಪು ಹದಮಾಡುವ ಬ್ಯಾರನ್ ಉರಿಯುವ ತಿಂಗಳಲ್ಲಿ ರಾತ್ರಿಯಿಡೀ ಒಲೆಗೆ ಸೌದೆ ಹಾಕಬೇಕು, ಊರಿಗೆ ಊರೇ ನಿದ್ದೆಗೆಟ್ಟಿರುತ್ತದೆ. ಹಾಗಾಗಿ ಒಬ್ಬ ಬೆಳಗಿನ ಜಾವ ಸುಮ್ಮನೆ ಎದ್ದು ಕೂತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಉಣ್ಣದಿದ್ದರೆ ದಣಿವು, ಮಾತಾಡದಿದ್ದರೆ ಸಾಲದ ಚಿಂತೆ, ಗದ್ದೆಗೆ ಹೋಗದಿದ್ದರೆ ಸೋಮಾರಿತನ. ‘ಮನಸ್ಸಿಗೆ ಹಚ್ಕೊಂಡವ್ನೆ, ಹರಾಜಾದ್ರೆ ಸರಿಹೋಯ್ತದೆ’ ಅನ್ನುತ್ತಾರೆ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ನಡೆಯುವ ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆಯ ರೇಟು ಬಂದರೂ ಅವನು ಸರಿಹೋಗದಿದ್ದಾಗ ದೇವರು, ದಿಂಡರು, ತಾಯಿತ. ಇದು ಖಿನ್ನತೆ ಎಂಬ ಕಾಯಿಲೆ, ಸಾಲ ತೀರಿದ ಮಾತ್ರಕ್ಕೆ ತೀರುವುದಿಲ್ಲ. ತನ್ನ ಹೆಸರಲ್ಲಿ ಒಂದು ರೂಪಾಯಿ ಸಾಲವೂ ಇಲ್ಲದ ಹೆಂಗಸಿಗೂ ಅದು ಬರುತ್ತದೆ. ಅವಳು ನಿಮ್ಮ ಯಾವ ಕಡತದಲ್ಲೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ನನ್ನ ಮೈದುನನಿಗೆ ಈ ಕಾಯಿಲೆ ಇದೆ. ಮಾತ್ರೆ ಹಿಡಿಯಲು ಎರಡು ಮೂರು ವಾರ ಬೇಕು, ಹುಷಾರಾದ ಮೇಲೂ ತಿಂಗಳುಗಟ್ಟಲೆ ನುಂಗಬೇಕು ಎಂದು ವೈದ್ಯರು ಹೇಳಿದರು. ‘ಧೈರ್ಯ ತಗೋ’ ಅನ್ನುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದನ್ನು ಕಲಿತೆವು. ‘ಸಾಯಬೇಕು ಅನ್ನಿಸ್ತದಾ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಲು ದಾರಿಯಾಗುತ್ತದೆ ಎಂಬುದೂ ತಿಳಿಯಿತು. ಹೊಲದ ಔಷಧಿಗಳನ್ನು ಮನೆಯಿಂದಾಚೆ ಬೀಗದಲ್ಲಿಟ್ಟೆವು. ಆದರೆ ಕಾಯುವವರನ್ನು ಕಾಯುವವರು ಯಾರು? ಅವನ ಹೆಂಡತಿ ವರ್ಷದಿಂದ ತವರಿಗೆ ಹೋಗಿಲ್ಲ, ರಾತ್ರಿ ಸದ್ದಾದರೆ ಬೆಚ್ಚುತ್ತಾಳೆ. ಅವಳನ್ನು ‘ನೀನು ಹೇಗಿದ್ದೀಯಮ್ಮಾ’ ಎಂದು ಕೇಳಿದವರಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಮನೆಯವರಿಗೆ ನೆರವಾಗುವ ಸೇವೆಯನ್ನೂ ಅದು ಹೆಸರಿಸುತ್ತದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಡಿ.ಬಿ. ಕುಪ್ಪೆಯ ಕಾಡಂಚಿನ ಹಾಡಿಯಿಂದ ಎಚ್.ಡಿ. ಕೋಟೆಯ ಆಸ್ಪತ್ರೆಗೆ ಬಂದರೆ ರೋಗಿಯ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಎರಡೂ ಹೋದವು. ಎರಡನೇ ತಿಂಗಳ ಮಾತ್ರೆ ನಿಲ್ಲುವುದು ಇಲ್ಲಿಯೇ.

ನಿಮ್ಮ ಕೈಯಲ್ಲಿ ಆಗುವ ಕೆಲಸಗಳನ್ನಷ್ಟೇ ಕೇಳುತ್ತೇನೆ. ಮನೋವೈದ್ಯರು ಬರುವ ದಿನಾಂಕ ಮತ್ತು 14416 ಸಂಖ್ಯೆ ಪ್ರತಿ ಹಾಲಿನ ಡೇರಿ, ಪಂಚಾಯಿತಿ, ಹರಾಜು ಕೇಂದ್ರದ ಗೋಡೆಯ ಮೇಲಿರಲಿ. ಒಮ್ಮೆ ಬರೆದುಕೊಟ್ಟ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಹೇಳಿ. ಹರಾಜು ಶುರುವಾಗುವ ಮೊದಲು ತಂಬಾಕು ಮಂಡಳಿಯವರು, ಬ್ಯಾಂಕಿನವರು, ಆಶಾ ಕಾರ್ಯಕರ್ತೆಯರು ಒಂದೇ ಕಡೆ ಕೂರಲಿ. ಯಾವ ಮನೆ ಸೊರಗಿದೆ ಎಂಬುದು ಆಶಾ ಅಕ್ಕನಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಆ ಮನೆಯ ಹೆಸರು ಊರಲ್ಲಿ ಹರಡದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರು ಸೇರಲು ಒಂದು ಕೋಣೆ ಕೊಡಿಸಿ.

ಪರಿಹಾರ ಸಮಿತಿಯ ಮುಂದಿನ ಸಭೆಯಲ್ಲಿ ಪ್ರತಿ ಕಡತಕ್ಕೂ ಇನ್ನೊಂದು ಪ್ರಶ್ನೆ ಸೇರಿಸಿ: ಈ ಮನೆಗೆ ಯಾವ ನೆರವು, ಯಾವಾಗ ಸಿಗಬೇಕಿತ್ತು? ಉತ್ತರಗಳನ್ನು ಒಟ್ಟು ಮಾಡಿದರೆ ಮುಂದಿನ ವರ್ಷದ ಕೆಲಸದ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಬರೆಯಲು ನಮ್ಮನ್ನೂ ಕರೆಯಿರಿ, ಬರುತ್ತೇವೆ.

ಇಂತಿ,
ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪು ಬೆಳೆಗಾರರ ಮನೆಯ ಹೆಣ್ಣುಮಗಳು