ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊನ್ನೆ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ರೂಪಾಯಿಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅವನ ಅಜ್ಜಿ ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯುವ ನಾಣ್ಯ. ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿ, ಇನ್ನೊಂದು ಬದಿಯಲ್ಲಿ 1862 ಎಂಬ ಇಸವಿ.

“ಸರ್, ಇದಕ್ಕೆ ಐದು ಲಕ್ಷ ಸಿಗ್ತದಂತೆ. ಫೋನಲ್ಲಿ ಹೇಳಿದ್ರು. ಮೊದಲು ಎರಡು ಸಾವಿರ ಕಟ್ಟಬೇಕಂತೆ. ಅಪ್ಪ ನಾಳೆ ಕಟ್ತಾರೆ.”

“ಅಪ್ಪನಿಗೆ ಎರಡು ದಿನ ತಡೀಲಿಕ್ಕೆ ಹೇಳು” ಎಂದೆ.

ಮಟ್ಟುವಿನ ನಮಗೆ ಗುಳ್ಳವನ್ನು ಗುರುತಿಸಲು ಯಾರೂ ಕಲಿಸಬೇಕಾಗಿಲ್ಲ. ಬಣ್ಣ, ತೊಟ್ಟಿನ ಮುಳ್ಳು ನೋಡಿದರೆ ಸಾಕು. ಬೆಳ್ಳಿ ನಾಣ್ಯಕ್ಕೂ ಅಂಥ ಗುರುತುಗಳಿವೆ.

ಮೊದಲು ತೂಕ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದಿದ್ದರೆ ತುಸು ಕಡಿಮೆ. ಆಮೇಲೆ ಆಯಸ್ಕಾಂತ. ಅದು ಬೆಳ್ಳಿಯನ್ನು ಸೆಳೆಯದು. 1947ರ ರೂಪಾಯಿಯನ್ನು ಸೆಳೆಯುತ್ತದೆ, ಏಕೆಂದರೆ ಅದು ನಿಕಲ್.

ಕೊನೆಗೆ ಆರ್ಕಿಮಿಡೀಸನ ಪಾಠ. ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿದೆವು. ನಾಣ್ಯವನ್ನು ನೂಲಿನಲ್ಲಿ ಕಟ್ಟಿ, ತಳ ತಾಗದಂತೆ ಮುಳುಗಿಸಿದೆವು. ತಕ್ಕಡಿ 1.13 ತೋರಿಸಿತು. ಅದು ನಾಣ್ಯ ಪಲ್ಲಟಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸುಮಾರು 10.3. ನೂರಕ್ಕೆ 91.7 ಭಾಗ ಬೆಳ್ಳಿ, ಉಳಿದದ್ದು ತಾಮ್ರವಾದರೆ ಬರಬೇಕಾದ ಸಾಂದ್ರತೆ ಅದೇ. ಸವೆತದಿಂದ ತೂಕ ಇಳಿದೀತು, ಸಾಂದ್ರತೆ ಬದಲಾಗದು. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧ ಮಾತ್ರ. ಅಲ್ಲಿ ಉತ್ತರ ಸುಮಾರು 9.5 ಬರುತ್ತದೆ.

ಬರಹವನ್ನೂ ಓದಬೇಕು. 1876ರವರೆಗೆ ‘ವಿಕ್ಟೋರಿಯಾ ಕ್ವೀನ್’, 1877ರಿಂದ ‘ವಿಕ್ಟೋರಿಯಾ ಎಂಪ್ರೆಸ್’. 1862ರ ನಾಣ್ಯದಲ್ಲಿ ‘ಎಂಪ್ರೆಸ್’ ಎಂದಿದ್ದರೆ ಅದು ನಕಲಿ. ಇವನದರಲ್ಲಿ ‘ಕ್ವೀನ್’ ಇತ್ತು.

ನಾಣ್ಯ ಅಸಲಿಯೇ. ಹಾಗಾದರೆ ಐದು ಲಕ್ಷ? ಇಲ್ಲ. 1862ರ ಅಚ್ಚನ್ನು ಇಸವಿ ಬದಲಿಸದೆ ಮುಂದೆ ಹತ್ತು ವರ್ಷ ಟಂಕಿಸಿದರು. ಆದ್ದರಿಂದ ಅವು ಬೇಕಾದಷ್ಟಿವೆ. ಅದಕ್ಕಿಂತ ಎಷ್ಟೋ ಹೊಸದಾದ 1939ರ ರೂಪಾಯಿ ಬಹಳ ವಿರಳ, ಬೆಲೆಯೂ ಹೆಚ್ಚು. ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ವಿರಳತೆ ಮತ್ತು ಸ್ಥಿತಿ. ಏನಿಲ್ಲವೆಂದರೂ ಇದರಲ್ಲಿ 10.7 ಗ್ರಾಂನಷ್ಟು ಬೆಳ್ಳಿಯಿದೆ. ಅಂದಿನ ದರದಿಂದ ಗುಣಿಸಿದರೆ ಕನಿಷ್ಠ ಬೆಲೆ ಸಿಗುತ್ತದೆ.

ಸ್ಥಿತಿಯ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಚಿಕ್ಕವನಿದ್ದಾಗ ನಮ್ಮಜ್ಜಿಯ ರೂಪಾಯಿಯನ್ನು ಹುಣಿಸೆಹುಳಿ, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದ್ದೆ. ರಾಣಿಯ ಕೂದಲಿನ ಗೆರೆಗಳೇ ಮಾಯವಾದವು. ಸಂಗ್ರಾಹಕರಿಗೆ ಆ ಕಪ್ಪು ಪೊರೆಯೇ ಇಷ್ಟ. ಸರಕ್ಕೆಂದು ಕೊಂಡಿ ಬೆಸೆದರೂ ಬೆಲೆ ಇಳಿಯುತ್ತದೆ.

ಪಾಲಕರಲ್ಲಿ ಒಂದು ಮಾತು. ಹಳೆಯ ನಾಣ್ಯ ಕೊಳ್ಳುವವರು ನಮಗೆ ಹಣ ಕೊಡಬೇಕು, ನಾವು ಅವರಿಗಲ್ಲ. ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಹುಡುಗನ ಅಪ್ಪ ಹಣ ಕಟ್ಟಲಿಲ್ಲ. ರೂಪಾಯಿ ಅಜ್ಜಿಯ ಪೆಟ್ಟಿಗೆಗೆ ಮರಳಿತು. ಜೊತೆಗೆ ಒಂದು ಚೀಟಿಯೂ ಸೇರಿತು: ತೂಕ, ಸಾಂದ್ರತೆ, ಇಸವಿ, ಕೆಳಗೆ ಅಜ್ಜಿಯ ಹೆಸರು. ನಿಮ್ಮ ಮನೆಯ ನಾಣ್ಯಕ್ಕೂ ಅಂಥ ಒಂದು ಚೀಟಿ ಬರೆದಿಡಿ.