ಬೆಂಗಳೂರಿನ ನೀರು ಬಂತು, ಲೆಕ್ಕ ಯಾವಾಗ ಬರುತ್ತದೆ?

ನರಸಾಪುರದ ಕಡೆ ಒಂದು ಕೆರೆ ಏರಿಯ ಮೇಲೆ ನಿಂತಿದ್ದೆವು. ಕೆರೆ ತುಂಬಿತ್ತು. ನಾವು ಡಿಪ್ಲೊಮಾ ಓದುವಾಗ ಇದೇ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಎಮ್ಮೆ ಹೊಡೆದುಕೊಂಡು ಬಂದ ತಾತನನ್ನು ಕೇಳಿದೆವು: "ಏನ್ ತಾತ, ನೀರು ಹೆಂಗೈತೆ?"

"ನೀರೈತೆ ಕಣಪ್ಪ. ಬೋರು ಎದ್ದೈತೆ, ಸುಳ್ಳು ಹೇಳಬಾರ್ದು. ಆದ್ರೆ ಎಮ್ಮೆ ಬಾಯಿ ಇಟ್ಟಾಗ ಎದೆ ಡವಡವ ಅಂತೈತೆ. ಇದ್ರಾಗೆ ಏನೈತೆ ಅಂತ ಯಾರಾದ್ರೂ ಬಂದು ಹೇಳವ್ರಾ?"

ಯಾರೂ ಹೇಳಿಲ್ಲ. ಆ ಕೆರೆಯ ನೀರಿನ ಪರೀಕ್ಷಾ ವರದಿ ಕೇಳಲು ನಾವೂ ಒಂದು ಕಚೇರಿಗೆ ಹೋದೆವು. "ನೀರು ಬಿಡೋದು ನಾವಲ್ಲ" ಎಂದರು. ಇನ್ನೊಂದು ಕಚೇರಿಯಲ್ಲಿ "ಪರೀಕ್ಷೆ ಮಾಡೋದು ನಾವಲ್ಲ" ಎಂದರು. ಮೂರನೆಯ ಕಡೆ ಸಾಹೇಬರು ಮೀಟಿಂಗಿನಲ್ಲಿದ್ದರು. ಬಸ್ ಚಾರ್ಜು ನಮ್ಮದು, ವರದಿ ಅವರದು. ವರದಿ ಇನ್ನೂ ಸಿಕ್ಕಿಲ್ಲ.

ಈ ಬರಹ ನೀರು ಬೇಡ ಎಂದು ಹೇಳಲು ಅಲ್ಲ. ಮೊದಲೇ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ನಾಳೆ ಗ್ರೂಪುಗಳಲ್ಲಿ "ಇವರು ಅಭಿವೃದ್ಧಿ ವಿರೋಧಿಗಳು" ಎಂದು ಹಾಕುತ್ತೀರಿ. ನಾವು ಕೇಳುತ್ತಿರುವುದು ಲೆಕ್ಕ. ನಮ್ಮ ಕೆರೆಗೆ ಏನು ಬರಬೇಕು ಎಂದು ತೀರ್ಮಾನ ಮಾಡುವ ಕಡೆ ನಮಗೊಂದು ಕುರ್ಚಿ.

ಬಂದದ್ದು ಎಲ್ಲಿಂದ?

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವು ಒಣಗಿದ ಮೇಲೆ ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳಕ್ಕೆ ಹೋದಂತೆಲ್ಲ ಫ್ಲೋರೈಡ್ ಮೇಲೆ ಬಂತು. ಆಗ ಬಂದದ್ದು ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ, ಪಂಪು ಮಾಡಿ, ಕೋಲಾರದ ಕೆರೆಗಳಿಗೆ ಬಿಡುವುದು. ಕಾಗದದ ಮೇಲೆ ದಿನಕ್ಕೆ 440 ದಶಲಕ್ಷ ಲೀಟರ್, ಅಂದರೆ 44 ಕೋಟಿ ಲೀಟರ್. ತುಂಬಬೇಕಾದ ಕೆರೆಗಳು 120ಕ್ಕೂ ಹೆಚ್ಚು. ಚಿಕ್ಕಬಳ್ಳಾಪುರದ ಕಡೆಗೆ ಇದೇ ಥರ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ದಿನಕ್ಕೆ 210 ದಶಲಕ್ಷ ಲೀಟರ್.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜನ ಪೂಜೆ ಮಾಡಿದರು. ಮರು ತಿಂಗಳೇ ನೊರೆ ಬಂತು. ಬೆಳ್ಳಂದೂರಿನಲ್ಲಿ ಟಿ.ವಿ.ಯವರು ತೋರಿಸುತ್ತಿದ್ದ ಅದೇ ನೊರೆ ನಮ್ಮ ಜಿಲ್ಲೆಗೂ ಬಂತು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೋರ್ಟಿಗೆ ಹೋದರು. ಅದೇ ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆ ಕೊಟ್ಟಿತು. ಆಮೇಲೆ ತಡೆ ತೆರವಾಗಿ ನೀರು ಹರಿಯುತ್ತಾ ಬಂದಿದೆ.

ಹೋರಾಟಗಾರರ ಬೇಡಿಕೆ ಸರಳವಾಗಿತ್ತು: ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳಕನ್ನು ತಿಂದು ಕಡಿಮೆ ಮಾಡುತ್ತವೆ. ಆದರೆ ಸೋಪಿನ ಪುಡಿಯಿಂದ ಬರುವ ರಂಜಕ, ಮಲಮೂತ್ರದ ಸಾರಜನಕ, ಕಾರ್ಖಾನೆಗಳಿಂದ ಚರಂಡಿಗೆ ಸೇರುವ ಲೋಹಗಳು ಪೂರ್ತಿ ಹೋಗುವುದಿಲ್ಲ. ರಂಜಕ ಉಳಿದರೆ ಕೆರೆಯಲ್ಲಿ ಪಾಚಿ, ಅಂತರಗಂಗೆ ಬೆಳೆಯುತ್ತದೆ. ಲೋಹ ಉಳಿದರೆ ಕೆರೆಯ ಹೂಳಿಗೆ ಸೇರುತ್ತದೆ. ಆ ಹೂಳನ್ನು ಗೊಬ್ಬರ ಎಂದು ಹೊಲಕ್ಕೆ ಹೊಡೆಯುವವರು ನಾವೇ.

ಆದ್ದರಿಂದಲೇ ನಿಯಮ ಹೇಳುತ್ತದೆ: ಈ ಕೆರೆಗಳಿಗೆ ನೇರ ಪಂಪು ಇಡಬಾರದು, ನೀರು ಇಂಗಿ ಬೋರಿಗೆ ಹೋಗಬೇಕು. ಪಂಪು ಇಟ್ಟ ರೈತನ ಮೋಟಾರು ಕಿತ್ತುಕೊಂಡು ಹೋಗಲು ಅಧಿಕಾರಿಗಳು ಬರುತ್ತಾರೆ. ಅದೇ ಚುರುಕು ನೀರಿನ ವರದಿ ತರುವಾಗ ಎಲ್ಲಿ ಹೋಗುತ್ತದೆ?

"ಬಿಟ್ಟಿ ನೀರು ಕೊಟ್ಟಿದ್ದೀವಿ, ಇನ್ನೇನು?"

ಈ ಮಾತನ್ನು ವೇದಿಕೆಗಳ ಮೇಲೆ ಕೇಳಿದ್ದೇವೆ. ಇದಕ್ಕೆ ಉತ್ತರ ಕೊಡಲೇಬೇಕು.

ಅದು ಬಿಟ್ಟಿ ಅಲ್ಲ. ಕೊಳಚೆ ನೀರು ಬೆಂಗಳೂರಿಗೆ ಆಸ್ತಿಯಾಗಿರಲಿಲ್ಲ, ತಲೆನೋವಾಗಿತ್ತು. ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಕೆರೆಯ ವಿಚಾರದಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂ. ದಂಡ ಹಾಕಿತು. ಅಂಥ ನೀರಿಗೆ ನಮ್ಮ ಕೆರೆಗಳು ಜಾಗ ಕೊಟ್ಟಿವೆ. ನಮಗೂ ಉಪಕಾರ ಆಗಿದೆ, ಅವರಿಗೂ ಆಗಿದೆ. ಇಬ್ಬರಿಗೂ ಲಾಭ ಇರುವುದಕ್ಕೆ ವ್ಯವಹಾರ ಎನ್ನುತ್ತಾರೆ, ದಾನ ಎನ್ನುವುದಿಲ್ಲ. ವ್ಯವಹಾರದಲ್ಲಿ ಕರಾರು ಪತ್ರ ಇರುತ್ತದೆ, ಎರಡೂ ಕಡೆಯವರ ಸಹಿ ಇರುತ್ತದೆ.

ನಮ್ಮ ಪಂಚಾಯ್ತಿಗಳ ಸಹಿ ಎಲ್ಲಿದೆ?

ನಾವೊಬ್ಬರೇ ಅಲ್ಲ. ಬೆಳ್ಳಂದೂರು, ವರ್ತೂರು ದಾಟಿದ ನೀರು ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಹತ್ತಿರ ಕೆಲವರಪಲ್ಲಿ ಅಣೆಕಟ್ಟೆಗೆ ಹೋಗುತ್ತದೆ. ಅಲ್ಲೂ ಮಳೆ ಬಂದಾಗಲೆಲ್ಲ ನೊರೆ ಏಳುತ್ತದೆ. ನೀರಿಗೆ ಜಿಲ್ಲೆಯ ಗಡಿ, ರಾಜ್ಯದ ಗಡಿ ಗೊತ್ತಿಲ್ಲ. ಕಸದ ಕಥೆಯೂ ಇದೇ. ಮಾವಳ್ಳಿಪುರ, ಮಂಡೂರು, ಆಮೇಲೆ ದೊಡ್ಡಬಳ್ಳಾಪುರ ತಾಲ್ಲೂಕು. ಒಂದು ಊರಿನವರು ರಸ್ತೆಗೆ ಅಡ್ಡ ಮಲಗಿದರೆ ಲಾರಿ ಇನ್ನೊಂದು ಊರಿಗೆ ತಿರುಗುತ್ತದೆ.

ಬೆಂಗಳೂರಿನ ಯೋಜನೆ ಎಲ್ಲಿಗೆ ನಿಲ್ಲುತ್ತದೆ?

2023ರ ನವೆಂಬರ್‌ನಲ್ಲಿ ಬೆಂಗಳೂರು ಪಾಲಿಕೆ ತನ್ನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ರ ಹೊತ್ತಿಗೆ ಇಂಗಾಲದ ಲೆಕ್ಕ ಸೊನ್ನೆಗೆ ತರುವ ಗುರಿ. ನೀರು, ಕಸ, ಸಾರಿಗೆ, ಕಟ್ಟಡ, ಹಸಿರು ಎಲ್ಲವೂ ಅದರಲ್ಲಿದೆ. ಒಳ್ಳೆಯದೇ. ಆದರೆ ಆ ಯೋಜನೆಯ ಗಡಿ ಎಂದರೆ ಪಾಲಿಕೆಯ ಗಡಿ. ಊಟ ಗಡಿಯ ಆಚೆಯಿಂದ ಬರುತ್ತದೆ, ಎಂಜಲು ಗಡಿಯ ಆಚೆಗೆ ಹೋಗುತ್ತದೆ, ಯೋಜನೆ ಮಾತ್ರ ಗಡಿಯೊಳಗೆ ಕೂತಿರುತ್ತದೆ. ನಮ್ಮ ತಾಲ್ಲೂಕಿನ ಒಂದೇ ಒಂದು ಗ್ರಾಮಸಭೆಯಲ್ಲಿ ಅದರ ಬಗ್ಗೆ ಚರ್ಚೆ ನಡೆದದ್ದನ್ನು ನಾವು ಕಂಡಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯಿತು. ಐದರಲ್ಲೂ ಕೋಲಾರಕ್ಕೆ ಜಾಗವಿಲ್ಲ.

ಕಾನೂನು ಇಲ್ಲವೇ? ಇದೆ. ಸಂವಿಧಾನದ 243 ಜೆಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಪಂಚಾಯ್ತಿ ಮತ್ತು ಪಟ್ಟಣಗಳ ನಡುವೆ ನೀರಿನ ಹಂಚಿಕೆ, ಪರಿಸರ ರಕ್ಷಣೆ ಇಂಥ ವಿಚಾರಗಳನ್ನು ಅದು ನೋಡಬೇಕು. 243 ಜೆಡ್‌ಇ ವಿಧಿ ದೊಡ್ಡ ನಗರಗಳಿಗೆ ಮಹಾನಗರ ಯೋಜನಾ ಸಮಿತಿ ಬೇಕು ಎನ್ನುತ್ತದೆ. ಅದರಲ್ಲಿ ಮೂರನೇ ಎರಡಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರನ್ನು ನಗರಸಭಾ ಸದಸ್ಯರು, ಪಂಚಾಯ್ತಿ ಅಧ್ಯಕ್ಷರು ತಮ್ಮಲ್ಲೇ ಆರಿಸಬೇಕು. ಆದರೆ ಕೋಲಾರದ ಸಮಿತಿ ಕೋಲಾರಕ್ಕೆ, ಬೆಂಗಳೂರಿನ ಸಮಿತಿ ಬೆಂಗಳೂರಿಗೆ. ಇಬ್ಬರೂ ಒಂದೇ ಮೇಜಿಗೆ ಕೂರಲೇಬೇಕು ಎಂಬ ವ್ಯವಸ್ಥೆ ಇಲ್ಲ. ಪೈಪು ಎರಡು ಜಿಲ್ಲೆಯನ್ನು ಕೂಡಿಸಿದೆ, ಆಡಳಿತ ಕೂಡಿಸಿಲ್ಲ.

ಕೂಡಿ ಮಾಡಿದವರು ಇದ್ದಾರೆ

"ಇದೆಲ್ಲ ಆಗೋ ಮಾತಾ?" ಎನ್ನುವವರಿಗೆ ಎರಡು ಉದಾಹರಣೆ.

ಜರ್ಮನಿಯ ರೂರ್ ಪ್ರದೇಶದಲ್ಲಿ ಎಮ್ಷರ್ ಎಂಬ ಸಣ್ಣ ನದಿ ಇದೆ. ಸುತ್ತ ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆ, ಒಂದಕ್ಕೊಂದು ಅಂಟಿದ ಪಟ್ಟಣಗಳು. ಗಣಿಯಿಂದ ನೆಲ ಕುಸಿಯುತ್ತಿದ್ದುದರಿಂದ ನೆಲದೊಳಗೆ ಚರಂಡಿ ಪೈಪು ಹಾಕಲು ಆಗುತ್ತಿರಲಿಲ್ಲ. ಎಲ್ಲರ ಕೊಳಚೆಯೂ ನದಿಗೆ. ಮೇಲಿನ ಊರಿನವರು ಬಿಟ್ಟದ್ದು ಕೆಳಗಿನ ಊರಿಗೆ. ಜಗಳ ಮುಗಿಯದೆ, 1899ರಲ್ಲಿ ಆ ಪಟ್ಟಣಗಳು, ಗಣಿಗಳು, ಕಾರ್ಖಾನೆಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಹೊಲಸು ಮಾಡುವವನೂ ಸದಸ್ಯ, ಹೊಲಸಿನಿಂದ ನರಳುವವನೂ ಸದಸ್ಯ. ಅವರವರ ಪಾಲಿಗೆ ತಕ್ಕ ವಂತಿಗೆ ಎಲ್ಲರೂ ಕೊಡಬೇಕು. ಗಣಿಗಳು ಮುಚ್ಚುತ್ತಾ ಬಂದ ಮೇಲೆ, 1990ರ ದಶಕದಲ್ಲಿ ಅದೇ ಸಂಘ ನದಿಯನ್ನು ಚೊಕ್ಕಟ ಮಾಡಲು ಹೊರಟಿತು. 51 ಕಿ.ಮೀ. ಉದ್ದದ ಒಂದು ದೊಡ್ಡ ಚರಂಡಿಯನ್ನೇ ನೆಲದೊಳಗೆ ಕಟ್ಟಿದರು. ಸುಮಾರು 30 ವರ್ಷ ಹಿಡಿಯಿತು. 2021ರ ಕೊನೆಗೆ ಆ ನದಿಗೆ ಕೊಳಚೆ ಸೇರುವುದು ನಿಂತಿತು. ಸಂಘ ಇವತ್ತಿಗೂ ಇದೆ.

ಇನ್ನೊಂದು ಅಮೆರಿಕದ ನ್ಯೂಯಾರ್ಕ್. ಆ ನಗರ ಕುಡಿಯುವ ನೀರನ್ನು ದೂರದ ಕ್ಯಾಟ್ಸ್‌ಕಿಲ್ ಬೆಟ್ಟದ ಹಳ್ಳಿಗಳ ಕಡೆಯಿಂದ ತರುತ್ತದೆ. 1990ರ ದಶಕದ ಮೊದಲಲ್ಲಿ ನಗರ ಆ ಹಳ್ಳಿಗಳ ಮೇಲೆ ಕಟ್ಟುಪಾಡು ಹೇರಲು ಹೋಯಿತು. ಹಳ್ಳಿಯವರು ಬಗ್ಗಲಿಲ್ಲ. ಕೊನೆಗೆ 1997ರಲ್ಲಿ ಒಪ್ಪಂದವಾಯಿತು. ಹಳ್ಳಿಗಳ ಶೌಚಗುಂಡಿ ರಿಪೇರಿ, ಚರಂಡಿ ನೀರಿನ ಘಟಕ, ಕೊಟ್ಟಿಗೆಯ ಗೊಬ್ಬರ ನದಿಗೆ ಸೇರದಂತೆ ಮಾಡುವ ಕೆಲಸ, ಇವಕ್ಕೆಲ್ಲ ನಗರ ಹಣ ಕೊಡುತ್ತದೆ. ಅದನ್ನು ನಡೆಸುವ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಹೆಚ್ಚಿನವರು ಅದೇ ಊರುಗಳವರು. ನಗರಕ್ಕೂ ನಷ್ಟವಾಗಲಿಲ್ಲ, ಶತಕೋಟಿಗಟ್ಟಲೆ ಡಾಲರಿನ ಶೋಧನಾ ಘಟಕ ಕಟ್ಟುವ ಖರ್ಚು ಉಳಿಯಿತು.

ಅಲ್ಲಿನವರೇನೂ ದೇವರಲ್ಲ. ಜಗಳ ಆಡಿಯೇ ಒಪ್ಪಂದಕ್ಕೆ ಬಂದರು. ಕೆಳಗಿನವನ ಕೈಯಲ್ಲೂ ಒಂದು ಓಟು ಇತ್ತು, ಅದೇ ವ್ಯತ್ಯಾಸ.

ನಮ್ಮ ತಪ್ಪೂ ಇದೆ

ಬೆಂಗಳೂರನ್ನು ಮಾತ್ರ ಬೈದು ಮನೆಗೆ ಹೋದರೆ ಅದು ಅರ್ಧ ಸತ್ಯ. ನಮ್ಮ ರಾಜಕಾಲುವೆ ಒತ್ತುವರಿ ಮಾಡಿದವರು ಬೆಂಗಳೂರಿನವರಲ್ಲ. ಕೆರೆ ಅಂಚಿನವರೆಗೆ ನೀಲಗಿರಿ ಹಾಕಿದವರು ನಾವೇ. 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡಬಾರದು ಎಂದಿತು, ಹಳೆಯದನ್ನು ಎಷ್ಟು ಜನ ಬೇರು ಸಮೇತ ಕಿತ್ತೆವು? ನಮ್ಮ ಪಟ್ಟಣಗಳ ಚರಂಡಿ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ನಾವು ಕೇಳಿದ್ದೇವಾ? ಬೋರು ಎದ್ದ ಕೂಡಲೇ ಮತ್ತೆರಡು ಬೋರು ಕೊರೆಸಿದವರೂ ನಮ್ಮ ನಡುವೆ ಇದ್ದಾರೆ. ಒಂದೇ ಮೇಜಿಗೆ ಕೂತರೆ ನಾವೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಪ್ಪಿಸೋಣ.

ನಾವು ಕೇಳುವುದು ಇಷ್ಟು

1. ನೀರು ತುಂಬುವ ಪ್ರತಿ ಕೆರೆಯ ಪರೀಕ್ಷಾ ವರದಿ, ತಿಂಗಳಿಗೊಮ್ಮೆ, ಕನ್ನಡದಲ್ಲಿ, ಗ್ರಾಮ ಪಂಚಾಯ್ತಿ ಬೋರ್ಡಿನ ಮೇಲೆ. ಲೋಹಗಳ ಲೆಕ್ಕವೂ ಇರಬೇಕು.

2. ಮೂರನೇ ಹಂತದ ಶುದ್ಧೀಕರಣ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಬರವಣಿಗೆಯಲ್ಲಿ.

3. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೇರಿದ ಜಂಟಿ ಸಮಿತಿ. ಕೆರೆ ಇರುವ ಪಂಚಾಯ್ತಿಗಳ ಪ್ರತಿನಿಧಿಗಳಿಗೆ ಅದರಲ್ಲಿ ಓಟು ಬೇಕು, ಬರೀ ಟೀ ಬಿಸ್ಕತ್ತು ಸಾಲದು. ಖರ್ಚು ನೀರು ಬಿಡುವವರದು.

4. ಬೆಂಗಳೂರಿನ ಹವಾಮಾನ ಯೋಜನೆ ಮುಂದೆ ಪರಿಷ್ಕರಣೆಯಾಗುವಾಗ ನೆರೆ ಜಿಲ್ಲೆಗಳ ನೀರು, ಕಸ, ತರಕಾರಿ, ಹಾಲಿನ ಲೆಕ್ಕವೂ ಅದರಲ್ಲಿ ಸೇರಬೇಕು.

ಯಾಕೆ ಈಗಲೇ? 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಬೆಂಗಳೂರಿಗೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರು. ನಲ್ಲಿಗೆ ಹೆಚ್ಚು ಬಂದರೆ ಚರಂಡಿಗೂ ಹೆಚ್ಚು ಹೋಗುತ್ತದೆ. ಆ ನೀರಿಗೂ ಕೆರೆ ಹುಡುಕುತ್ತಾರೆ. ಹುಡುಕಿಕೊಂಡು ನಮ್ಮ ಕಡೆಗೇ ಬರುತ್ತಾರೆ. ಕರಾರು ಮಾಡಿಕೊಳ್ಳುವುದಿದ್ದರೆ ಪೈಪು ಹೂಳುವ ಮೊದಲೇ ಮಾಡಿಕೊಳ್ಳಬೇಕು.

ಓದಿ ಸುಮ್ಮನೆ ಮುಂದಿನವರಿಗೆ ಕಳಿಸಬೇಡಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ನಮ್ಮ ಕೆರೆ ನೀರಿನ ಕೊನೆಯ ಪರೀಕ್ಷಾ ವರದಿ ಎಲ್ಲಿ?" ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೊ ತೆಗೆದುಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಾವು ನಮ್ಮ ಅರ್ಜಿ ಹಾಕುತ್ತಿದ್ದೇವೆ. ನಿಮ್ಮ ಊರಿನ ಫೋಟೊ ಕಳಿಸಿದರೆ ಕೆರೆಗಳ ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ: ಯಾವ ಕೆರೆಗೆ ವರದಿ ಇದೆ, ಯಾವುದಕ್ಕೆ ಇಲ್ಲ ಎಂದು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನೀರು ಕಳಿಸಿದವರೂ ಒಂದು ದಿನ ನಮ್ಮ ಕೆರೆ ಏರಿಗೆ ಬರಲೇಬೇಕು. ಬಂದಾಗ ಕೈಯಲ್ಲಿ ವರದಿ ಇರಲಿ. ಆ ತಾತ ಇನ್ನೂ ಎಮ್ಮೆ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದಾರೆ.