ಯುಗಾದಿಯಿಂದ ಬಸವ ಜಯಂತಿವರೆಗೆ 33 ದಿನ: ಹಬ್ಬ ಸಾಲು ಸಾಲು, ಕೈಯಾಗ ರೊಕ್ಕ ಕಮ್ಮಿ

ರಾಯಚೂರು: ಹೋಳಿ ಬಣ್ಣ ತೊಳೆದಾಯ್ತು. ಇನ್ನು ಮಾರ್ಚ್ 19ರ ಯುಗಾದಿಯಿಂದ ಏಪ್ರಿಲ್ 20ರ ಬಸವ ಜಯಂತಿವರೆಗೆ 33 ದಿನ ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಹಬ್ಬ, ಜಯಂತಿ, ಜಾತ್ರೆ, ಮೆರವಣಿಗೆಗಳ ಸಾಲು. ಪ್ರತಿ ವರ್ಷವೂ ಇದೇ ಕಾಲಕ್ಕೆ ಇದೇ ಹಬ್ಬ ಬರ್ತಾವೆ, ಈ ವರ್ಷ ಏನು ವಿಶೇಷ ಅಂದ್ರೆ ಮೂರು ಕಾರಣಗಳಿವೆ. ಯುಗಾದಿ ಮತ್ತು ರಂಜಾನ್ ಒಂದೇ ವಾರದಲ್ಲಿ ಬಂದಿವೆ. ಮೇ 17ರಿಂದ ಅಧಿಕ ಮಾಸ. ಎಲ್ಲಕ್ಕಿಂತ ದೊಡ್ಡದು, ತುಂಗಭದ್ರಾ ಎಡದಂಡೆ ನಾಲೆ ಭಾಗದಲ್ಲಿ ಎರಡನೇ ಬೆಳೆಯೇ ಇಲ್ಲ.

ಹೀಗಾಗಿ ಈ ಸಲ ಕಾರ್ಯಕ್ರಮ ಎಷ್ಟಿವೆ ಅನ್ನೋದಕ್ಕಿಂತ, ಅವುಗಳಿಂದ ಊರಿನ ಕಲಾವಿದರಿಗೆ, ಅಂಗಡಿಕಾರರಿಗೆ ಏನು ಸಿಗುತ್ತದೆ ಅನ್ನೋದೇ ಮುಖ್ಯ ಪ್ರಶ್ನೆ.

ಯಾವ ದಿನ ಏನು?

ಮಾರ್ಚ್ 19, ಗುರುವಾರ ಯುಗಾದಿ. ಚಂದ್ರದರ್ಶನ ನೋಡಿಕೊಂಡು ಅದರ ಬೆನ್ನಿಗೇ ರಂಜಾನ್. ಮಾರ್ಚ್ ಕೊನೆಯ ವಾರದಲ್ಲಿ ರಾಮನವಮಿ, 27ಕ್ಕೆ ವಿಶ್ವ ರಂಗಭೂಮಿ ದಿನ, 31ಕ್ಕೆ ಮಹಾವೀರ ಜಯಂತಿ. ಏಪ್ರಿಲ್ 2ರ ಸುಮಾರಿಗೆ ಹನುಮ ಜಯಂತಿ, 3ಕ್ಕೆ ಗುಡ್ ಫ್ರೈಡೆ. 5ರ ಭಾನುವಾರ ಈಸ್ಟರ್ ಮತ್ತು ಬಾಬು ಜಗಜೀವನರಾಂ ಜಯಂತಿ ಎರಡೂ. 14, ಮಂಗಳವಾರ ಅಂಬೇಡ್ಕರ್ ಜಯಂತಿ. 20, ಸೋಮವಾರ ಬಸವ ಜಯಂತಿ. ಇವುಗಳ ನಡುವೆ ದೇವರ ದಾಸಿಮಯ್ಯ, ಅಕ್ಕಮಹಾದೇವಿ ಜಯಂತಿಗಳು ಮತ್ತು ಹಳ್ಳಿಹಳ್ಳಿಯ ಜಾತ್ರೆ, ತೇರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 18ರಿಂದ ಏಪ್ರಿಲ್ 2ರವರೆಗೆ ಇದೆ. ಹತ್ತನೇ ತರಗತಿ ಮಕ್ಕಳಿರುವ ಓಣಿಯಲ್ಲಿ ಮೈಕ್ ಹಚ್ಚುವ ಮುಂಚೆ ಇದನ್ನು ನೆನಪಿಡಬೇಕು. ಪರೀಕ್ಷೆಯ ಗದ್ದಲ ಇಲ್ಲದೆ ಬಯಲಲ್ಲಿ ಕಾರ್ಯಕ್ರಮ ಮಾಡಲು ಉಳಿಯೋದು ಏಪ್ರಿಲ್ 3ರಿಂದ 20ರವರೆಗಿನ ಎರಡೂವರೆ ವಾರ. ಅಷ್ಟೊತ್ತಿಗೆ ರಾಯಚೂರಿನ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಹಗಲು ಯಾರೂ ಹೊರಗೆ ಬರಂಗಿಲ್ಲ.

ಗಂಜ್‌ನಲ್ಲಿ ರೊಕ್ಕ ಓಡಿದರಷ್ಟೇ ಬಜಾರದಲ್ಲಿ ಗಿರಾಕಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದು ಯಾರೂ ಮರೆತಿಲ್ಲ. ಈಗ 33 ಗೇಟ್‌ಗಳನ್ನೂ ಬದಲಿಸುವ ಕೆಲಸಕ್ಕಾಗಿ ಈ ಸಲ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಗೇಟು ಭದ್ರವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬಿಸಿ ಮಾನ್ವಿ ಬಜಾರಕ್ಕೆ ತಟ್ಟುವುದು ಏಪ್ರಿಲ್, ಮೇ ತಿಂಗಳಲ್ಲಿ.

ಮಾಮೂಲಿ ವರ್ಷದಲ್ಲಿ ಈ ಹೊತ್ತಿಗೆ ಬೇಸಿಗೆ ಭತ್ತ ಕೊಯ್ಲಿಗೆ ಬರುತ್ತದೆ. ಕಟಾವು ಯಂತ್ರ, ಲಾರಿ, ಹಮಾಲರು, ರೈಸ್‌ಮಿಲ್ ಎಲ್ಲಾ ಕಡೆ ಕೆಲಸ. ರೈತ ಉದ್ರಿ ತೀರಿಸುತ್ತಾನೆ, ಮಗಳ ಮದುವೆಗೆ ಜವಳಿ ತೆಗೆಯುತ್ತಾನೆ, ಜಾತ್ರೆಯ ನಾಟಕಕ್ಕೆ ಪಟ್ಟಿ ಕೊಡುತ್ತಾನೆ. ಈ ಸಲ ಆ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಊರ ಜಾತ್ರೆಗೆ, ನಾಟಕಕ್ಕೆ ಪಟ್ಟಿ ಎತ್ತಲು ಹೋದವರಿಗೆ ಮನೆಬಾಗಿಲಲ್ಲಿ ಇದು ಗೊತ್ತಾಗಲಿದೆ.

ದೇವದುರ್ಗದ ಲೆಕ್ಕ ಬೇರೆ. ಅದು ಕೃಷ್ಣೆಯ ಸೀಮೆ, ನಾರಾಯಣಪುರ ಬಲದಂಡೆ ನಾಲೆಯ ಭಾಗ. ಅಲ್ಲಿನ ಬಜಾರ ಕಾಯುವುದು ಗುಳೆ ಹೋದವರನ್ನು. ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋದ ಕುಟುಂಬಗಳು ಯುಗಾದಿಗೆ, ಊರ ಜಾತ್ರೆಗೆ ತಿರುಗಿ ಬರುತ್ತವೆ. ಅವರ ಕೈಯ ರೊಕ್ಕವೇ ಆ ಎರಡು ವಾರದ ವ್ಯಾಪಾರ. ಅವರು ಊರಲ್ಲಿ ನಾಲ್ಕು ದಿನ ಹೆಚ್ಚು ನಿಂತರೆ ಬಟ್ಟೆ ಅಂಗಡಿಯಿಂದ ಹಿಡಿದು ಮಿರ್ಚಿ, ಮಂಡಾಳ ಒಗ್ಗರಣಿ ಬಂಡಿವರೆಗೆ ಎಲ್ಲರಿಗೂ ಲಾಭ.

ಇನ್ನೊಂದು ಬದಲಾವಣೆಯೂ ಇದೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಣ್ಣುಮಕ್ಕಳಿಗೆ ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರಿಗೆ ಬಂದು ಹೋಗುವ ಬಸ್ ಖರ್ಚಿಲ್ಲ. ಯುಗಾದಿ, ರಂಜಾನ್ ಖರೀದಿ ಒಂದೇ ವಾರದಲ್ಲಿ ಬಿದ್ದಾಗ ತೀನ್ ಕಂದಿಲ್, ಮಹಾವೀರ ವೃತ್ತದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಹೆಣ್ಣುಮಕ್ಕಳು ಹೋಗಬಾರದು ಅನ್ನುವ ಮಾತಲ್ಲ ಇದು, ಹೋಗುವುದು ಅವರ ಹಕ್ಕು. ಆದರೆ ಗಿರಾಕಿ ತಮ್ಮೂರಲ್ಲೇ ನಿಲ್ಲಬೇಕಂದ್ರೆ ನಿಲ್ಲೋದಕ್ಕೆ ಒಂದು ಕಾರಣ ಬೇಕು. ಸಂಜೆಯ ಒಂದು ಒಳ್ಳೆಯ ಕಾರ್ಯಕ್ರಮ ಅಂಥ ಕಾರಣ ಆಗಬಲ್ಲದು.

ಹಾರ, ಭಾಷಣ, ಊಟ

ಆಗುತ್ತಿದೆಯಾ? ಜಯಂತಿಗಳ ಮಾಮೂಲಿ ಕ್ರಮ ನೋಡಿದರೆ ಉತ್ತರ ಸಿಗುತ್ತದೆ. ಬೆಳಿಗ್ಗೆ ಭಾವಚಿತ್ರದ ಮೆರವಣಿಗೆ, ಹನ್ನೊಂದಕ್ಕೆ ವೇದಿಕೆ, ಸನ್ಮಾನ, ಭಾಷಣ, ಮಧ್ಯಾಹ್ನ ಊಟ. ಮೆರವಣಿಗೆ ಮುಂದೆ ಬಿಸಿಲಲ್ಲಿ ಡೊಳ್ಳು, ಹಲಗೆ ಬಾರಿಸಿದವರು ವೇದಿಕೆ ಹತ್ತುವುದಿಲ್ಲ. ಕರಪತ್ರದಲ್ಲಿ ಗಣ್ಯರ ಹೆಸರು ನಲವತ್ತು ಇರುತ್ತವೆ, ಕಲಾತಂಡಕ್ಕೆ ಕೊನೆಯ ಸಾಲಿನಲ್ಲಿ ‘ಸಾಂಸ್ಕೃತಿಕ ಕಾರ್ಯಕ್ರಮ’ ಅನ್ನುವ ಎರಡೇ ಶಬ್ದ. ಸಂಜೆ ಮಂದಿ ಹೊರಬರುವ ಹೊತ್ತಿಗೆ ಶಾಮಿಯಾನ ಬಿಚ್ಚಿರುತ್ತಾರೆ.

ಇದು ಒಬ್ಬ ಅಧಿಕಾರಿಯ, ಒಂದು ಸಂಘದ ತಪ್ಪಲ್ಲ. ಹಿಂದಿನಿಂದ ನಡೆದುಬಂದ ರೂಢಿ. ಆದರೆ ಈ ಜಿಲ್ಲೆಗೆ ಕಲೆಯ ಬಡತನ ಇಲ್ಲ. ರಾಯಚೂರಿನ ರಂಗಮಂದಿರಕ್ಕೆ ಇರುವುದು ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರು. ಹರಿಕಥಾಮೃತಸಾರದ ಜಗನ್ನಾಥದಾಸರು ಮಾನ್ವಿಯವರು. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲೂಕಿನಲ್ಲಿದೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕಿನಲ್ಲಿದೆ. ಹಳ್ಳಿಗಳಲ್ಲಿ ತತ್ವಪದ, ಭಜನೆ, ಬಯಲಾಟ, ಮೊಹರಂ ಪದ ಹಾಡುವ ತಂಡಗಳಿವೆ. ದಾಸರ ಆರಾಧನೆಗಳು ಬೇರೆ ಮಾಸಗಳಲ್ಲಿ ಬರುತ್ತವೆ ನಿಜ. ಹಾಡು ಕೇಳಲು ತಿಥಿಯೇ ಬೇಕು ಅಂತೇನಿಲ್ಲ.

ಮಂದಿ ಸೇರಿದ್ದು ಎಲ್ಲಿ?

ಹೇಗೆ ಮಾಡಬೇಕು ಅನ್ನುವುದಕ್ಕೆ ಉದಾಹರಣೆ ಹುಡುಕಿ ಹೊರಗೆ ಹೋಗಬೇಕಿಲ್ಲ. ಕಾರಹುಣ್ಣಿಮೆಗೆ ರಾಯಚೂರಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬ ನೋಡಿ. ಭಾರದ ಕಲ್ಲು ಎಳೆಯುವ ಸ್ಪರ್ಧೆಗೆ ಆಂಧ್ರ, ತೆಲಂಗಾಣದಿಂದಲೂ ಎತ್ತು ಬರುತ್ತವೆ. ಕುಸ್ತಿ, ಉಸುಕಿನ ಚೀಲ ಎತ್ತುವುದು, ಜತೆಗೆ ಜನಪದ ತಂಡಗಳ ಮೆರವಣಿಗೆ. ದೇವದುರ್ಗ ತಾಲೂಕಿನ ತಿಂಥಣಿ ಬ್ರಿಡ್ಜ್‌ನಲ್ಲಿ ಪ್ರತಿ ಜನವರಿ ನಡೆಯುವ ಹಾಲುಮತ ಸಂಸ್ಕೃತಿ ವೈಭವವೂ ಹಾಗೇ. ಎರಡರಲ್ಲೂ ಸಮಾನವಾದದ್ದು ಎರಡು ಅಂಶ: ದಿನ ಮೊದಲೇ ಗೊತ್ತಿರುತ್ತದೆ, ನಡೆಸುವವರು ಅದು ತಮ್ಮದು ಅಂದುಕೊಂಡಿರುತ್ತಾರೆ. ಕ್ಯಾಲೆಂಡರಿನಲ್ಲಿ ದಿನ ಇದ್ದರೆ ಬಳೆ ಮಾರುವವರು, ಕಬ್ಬಿನ ಹಾಲಿನವರು, ಆಟೋದವರು ತಾವಾಗಿಯೇ ತಯಾರಾಗುತ್ತಾರೆ.

ಈ 33 ದಿನದಲ್ಲಿ ಮಾಡಬಹುದಾದದ್ದು

ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಇರುವ ಕ್ರಮವನ್ನು ಸ್ವಲ್ಪ ಬದಲಿಸಿದರೆ ಸಾಕು. ಮೊದಲನೆಯದು ಸಮಯ. ಬೆಳಗಿನ ಮೆರವಣಿಗೆ ಇರಲಿ, ವೇದಿಕೆ ಕಾರ್ಯಕ್ರಮ ಸಂಜೆ ಆರೂವರೆಗೆ ಬರಲಿ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಇದೆ, ಮೂರೂವರೆ ತಾಸು ಸಾಕು.

ಎರಡನೆಯದು ಹೆಸರು. ಕರಪತ್ರದಲ್ಲಿ ಕಲಾತಂಡದ ಹೆಸರು, ಊರು, ಹಾಡುವ ಸಮಯ ಅಚ್ಚಾಗಲಿ. ತಮ್ಮೂರ ಹುಡುಗ ಹಾಡ್ತಾನೆ ಅಂದ್ರೆ ಇಡೀ ಓಣಿ ಬರುತ್ತದೆ. ಸಂಭಾವನೆ ಅದೇ ದಿನ ಕೈಗೆ ಬಂದರೆ ಮುಂದಿನ ವರ್ಷವೂ ತಂಡ ಉಳಿಯುತ್ತದೆ. ಎರಡನೇ ಬೆಳೆ ಇಲ್ಲದ ವರ್ಷ ಕೂಲಿಯೂ ಇಲ್ಲದ ಹಾಡುಗಾರನಿಗೆ ಅದು ಸಣ್ಣ ಮೊತ್ತವಲ್ಲ.

ಮೂರನೆಯದು ಪಟ್ಟಿ. ತಾಲೂಕು ಆಡಳಿತ, ಸ್ಥಳೀಯ ಸಂಸ್ಥೆ, ವರ್ತಕರ ಸಂಘ, ಜಯಂತಿ ಸಮಿತಿಗಳು ಒಂದು ಸಲ ಕೂತು ದಿನಾಂಕಗಳ ಒಂದೇ ಹಾಳೆ ತಯಾರಿಸಿ ಬಸ್ ನಿಲ್ದಾಣದಲ್ಲಿ ಅಂಟಿಸಿದರೆ, ಒಂದೇ ಸಂಜೆ ಎರಡು ಕಡೆ ಮೈಕ್ ಹಚ್ಚಿ ಎರಡೂ ಕಡೆ ಕುರ್ಚಿ ಖಾಲಿ ಉಳಿಯುವುದು ತಪ್ಪುತ್ತದೆ. ವಿಶ್ವ ರಂಗಭೂಮಿ ದಿನ ಪರೀಕ್ಷೆಯ ನಡುವೆ ಬಂದಿದೆ. ಅದರ ನಾಟಕವನ್ನು ಏಪ್ರಿಲ್ 3ರ ನಂತರಕ್ಕೆ ಹಾಕಿಕೊಂಡರೆ ಮಕ್ಕಳೂ ಬರುತ್ತಾರೆ.

ನಾಲ್ಕನೆಯದು ಜಾಗ. ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಬಂಡಿ ಅಂಗಡಿಗಳಿಗೆ ಗುರುತು ಹಾಕಿದ ಸಾಲು, ಹಳ್ಳಿಗೆ ತಿರುಗಿ ಹೋಗಲು ಒಂದು ತಡ ಬಸ್. ಇವಿಲ್ಲದ ಕಡೆ ಹೆಣ್ಣುಮಕ್ಕಳು ಎಂಟಕ್ಕೇ ಏಳುತ್ತಾರೆ, ಅವರು ಎದ್ದರೆ ಮನೆಮಂದಿಯೆಲ್ಲ ಎದ್ದಂತೆ.

ಅಂಗಡಿಕಾರರಿಗೂ ಒಂದು ಲೆಕ್ಕ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳು ಮದುವೆ, ಗೃಹಪ್ರವೇಶ ಮಾಡುವವರು ಕಮ್ಮಿ. ಕಾರಹುಣ್ಣಿಮೆ ಜೂನ್ 29ಕ್ಕೆ ಸರಿದಿದೆ, ಮೊಹರಂ ಕೂಡ 26ರ ಆಸುಪಾಸಿಗೆ ಬರುತ್ತದೆ. ಮಾಲು ಹಾಕಿಸುವವರು ಮೇ ನಡುವಿನವರೆಗೆ ಒಂದು ಲೆಕ್ಕ, ಜೂನ್ ಕೊನೆಗೆ ಇನ್ನೊಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಹಳೆ ಉದ್ರಿ ನಂಬಿ ಹೊಸ ಮಾಲು ತುಂಬುವ ವರ್ಷ ಇದಲ್ಲ.

ಯುಗಾದಿ ದಿನ ನಮ್ಮ ಕಡೆ ಹೊಸ ಗಡಿಗೆಯಲ್ಲಿ ಬೇವು ಕಲಸಿ ಬಂದವರಿಗೆಲ್ಲ ಒಂದೊಂದು ಲೋಟ ಕೊಡುವ ಪದ್ಧತಿ. ಬೆಲ್ಲ ಕಮ್ಮಿ ಇದ್ದ ವರ್ಷವೂ ಗಡಿಗೆ ಇಡುವುದನ್ನು ಯಾರೂ ಬಿಟ್ಟಿಲ್ಲ. ಈ ಸಲದ ಕಾರ್ಯಕ್ರಮಗಳೂ ಸಣ್ಣದಾಗಿಯೇ ನಡೆಯಲಿ, ಆದರೆ ಸಂಜೆ ನಡೆಯಲಿ, ಊರ ಕಲಾವಿದರ ಹೆಸರಲ್ಲಿ ನಡೆಯಲಿ. ಯುಗಾದಿಗೆ ಮುಂಚೆ ಆ ಒಂದು ಹಾಳೆ ಬಸ್ ನಿಲ್ದಾಣದ ಗೋಡೆಗೆ ಬಂದರೆ, ಅರ್ಧ ಕೆಲಸ ಆದಂಗೆ.